ದೇವರಿಯಾ ತಾಲ್: ಬೆಳಗಿನ ಆರು ಗಂಟೆಗೆ ಕೆರೆ ದಡದಲ್ಲಿರಬೇಕು ಅಂದ್ರೆ

ದೇವರಿಯಾ ತಾಲ್‌ಗೆ ಮೊದಲ ಸಲ ಹೋದಾಗ ನಾನು ನೋಡಿದ್ದು ಒಂದು ಕೊಳ, ಒಂದಿಷ್ಟು ಮೋಡ, ನಾಲ್ಕು ತಟ್ಟೆ ಮ್ಯಾಗಿ. ಅಷ್ಟೇ. ನಮ್ಮ ಪ್ರವಾಸ ಗೊತ್ತು ಮಾಡಿಕೊಟ್ಟವರು "ಎರಡು ಗಂಟೆ ಸಾಕು ಸಾರ್, ಹತ್ತಿ ಇಳಿದು ಸಂಜೆಗೆ ಚೋಪ್ತಾ ಸೇರಬಹುದು" ಅಂದಿದ್ದರು. ನಾವೂ ನಂಬಿದೆವು. ಹನ್ನೊಂದೂವರೆಗೆ ಮೇಲೆ ತಲುಪಿದೆವು. ಹಿಮಾಲಯದ ಚೌಖಂಬಾ ಶಿಖರ ಎಲ್ಲಿ ಅಂತ ಚಹಾ ಅಂಗಡಿಯವರನ್ನು ಕೇಳಿದರೆ ಅವರು ಮೋಡದ ಕಡೆ ಕೈ ತೋರಿಸಿ, "ಅಲ್ಲೇ ಇದೆ" ಅಂದರು. ನಾವು ಆ ಬಿಳಿ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಇಳಿದೆವು.

ಮೂರು ವರ್ಷ ಬಿಟ್ಟು ಇನ್ನೊಮ್ಮೆ ಹೋದೆ. ಈ ಸಲ ಜೊತೆಗೆ ಮೈಸೂರಿನ ಚಿಕ್ಕಮ್ಮ ಇದ್ದರು. ಅವರಿಗೆ ಅರವತ್ತೆರಡು. ಅದೇ ದಾರಿ, ಅದೇ ಕೆರೆ. ಬದಲಾಗಿದ್ದು ಸಮಯ ಮಾತ್ರ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ದಡದಲ್ಲಿ ಕೂತಿದ್ದೆವು. ಏಳು ಸಾವಿರ ಮೀಟರಿನ ಒಂದು ಬೆಟ್ಟ ಪೂರ್ತಿಯಾಗಿ ನೀರಿನೊಳಗೆ ತಲೆಕೆಳಗಾಗಿ ನಿಂತಿದ್ದನ್ನು ನೋಡಿದೆವು.

ಆದ್ದರಿಂದ ಈ ಮಾರ್ಗದರ್ಶಿಯನ್ನು ಸ್ವಲ್ಪ ತಿರುಗಾಮುರುಗಾ ಓದಿಕೊಳ್ಳಿ. ಗುರಿ ಕೆರೆಯಲ್ಲ, ಕೆರೆಯ ಬೆಳಗಿನ ಒಂದು ಗಂಟೆ. ಆ ಗಂಟೆಗೆ ನೀವು ಅಲ್ಲಿರಬೇಕು. ಉಳಿದ ಏರ್ಪಾಡೆಲ್ಲ ಅದಕ್ಕೆ ತಕ್ಕ ಹಾಗೆ.

ಎಲ್ಲಿದೆ, ಎಷ್ಟು ಕಷ್ಟ

ತಾಲ್ ಅಂದ್ರೆ ಕೆರೆ. ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯಲ್ಲಿ, ಉಖೀಮಠದ ಹತ್ತಿರ ಸಾರಿ ಅಂತ ಒಂದು ಹಳ್ಳಿ ಇದೆ. ಅಲ್ಲಿಂದ ಕಾಲುದಾರಿ ಶುರು. ಸುಮಾರು ಎರಡೂವರೆಯಿಂದ ಮೂರು ಕಿಲೋಮೀಟರ್ ಹತ್ತಿದರೆ 2,438 ಮೀಟರ್ ಎತ್ತರದಲ್ಲಿ ಕೆರೆ.

ಸಾರಿ ಊರೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಂದ್ರೆ ನೀವು ಹೆಜ್ಜೆ ಇಡುವ ಮೊದಲೇ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಸ್ವಲ್ಪ ಮೇಲಿರುತ್ತೀರಿ. ಅಲ್ಲಿಂದ ಕೆರೆಗೆ ಏರಿಕೆ 400 ಮೀಟರ್ ಚಿಲ್ಲರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದ್ದೀರಾ? ಅದಕ್ಕಿಂತ ಒಂದಿಷ್ಟು ಜಾಸ್ತಿ, ಗಾಳಿ ಸ್ವಲ್ಪ ತೆಳು. ದಾರಿಗೆ ಬಹುಪಾಲು ಕಲ್ಲು ಹಾಸಿದ್ದಾರೆ. ದಾರಿ ತಪ್ಪುವ ಭಯ ಇಲ್ಲ. ರೂಢಿ ಇದ್ದವರಿಗೆ ಒಂದು ಗಂಟೆ, ಇಲ್ಲದವರಿಗೆ ಎರಡು. ಚಿಕ್ಕಮ್ಮ ಎರಡು ಗಂಟೆ ಹತ್ತು ನಿಮಿಷ ತೆಗೆದುಕೊಂಡರು. ಅದರಲ್ಲಿ ಹತ್ತು ನಿಮಿಷ ಒಂದು ಎಮ್ಮೆಯ ಜೊತೆ ಮಾತಾಡುವುದಕ್ಕೆ ಹೋಯಿತು.

ಬೆಟ್ಟದ ಕಾಯಿಲೆ, ಅಂದ್ರೆ ಎತ್ತರಕ್ಕೆ ತಲೆ ಸಿಡಿಯುವುದು, ವಾಕರಿಕೆ ಬರುವುದು, ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಡುತ್ತದೆ. ಈ ಕೆರೆ ಆ ಗೆರೆಗಿಂತ ಸ್ವಲ್ಪ ಕೆಳಗೇ ಇರುವುದರಿಂದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸಣ್ಣ ತಲೆನೋವು ಬಂದರೆ ನೀರು ಕುಡಿದು ಕೂರಿ. ಜಾಸ್ತಿಯಾದರೆ ಸುಮ್ಮನೆ ಇಳಿಯಿರಿ. ಇಳಿಯುವುದೇ ಅದಕ್ಕೆ ಮದ್ದು.

ಯಾವ ತಿಂಗಳು

ಬೆಟ್ಟ ಸ್ಪಷ್ಟವಾಗಿ ಕಾಣಬೇಕು ಅಂದ್ರೆ ಅಕ್ಟೋಬರ್, ನವೆಂಬರ್. ಮಳೆ ಗಾಳಿಯನ್ನೆಲ್ಲ ತೊಳೆದಿರುತ್ತದೆ. ನನ್ನ ಓಟು ಅಕ್ಟೋಬರ್ ಎರಡನೇ ವಾರದ ನಂತರದ ದಿನಗಳಿಗೆ.

ಹೂ ಬೇಕು ಅಂದ್ರೆ ಮಾರ್ಚ್ ಕೊನೆ, ಏಪ್ರಿಲ್. ಆಗ ಬುರಾಂಶ್ ಮರಗಳು ಕೆಂಪಾಗುತ್ತವೆ. ಎಲೆ ಕಾಣದಷ್ಟು ಹೂ. ಬುರಾಂಶ್ ಉತ್ತರಾಖಂಡದ ರಾಜ್ಯ ಮರ. ಇದರ ಹೂವಿನಿಂದ ಮಾಡಿದ ಶರಬತ್ತನ್ನು ಇಲ್ಲಿ ಎಲ್ಲ ಕಡೆ ಮಾರುತ್ತಾರೆ. ಹುಳಿ ಸಿಹಿ, ಸ್ವಲ್ಪ ನಮ್ಮ ಪುನರ್ಪುಳಿ ಶರಬತ್ತಿನ ನೆನಪಾಗುತ್ತದೆ.

ಡಿಸೆಂಬರ್ ನಂತರ ಹಿಮ. ಜನವರಿ, ಫೆಬ್ರವರಿಯಲ್ಲಿ ಕೆರೆ ಹೆಪ್ಪುಗಟ್ಟುವುದೂ ಉಂಟು. ಹಿಮದ ಮೇಲೆ ನಡೆಯುವ ಆಸೆಗೆ ಹೋಗುವವರು ಹೋಗಲಿ. ಪ್ರತಿಬಿಂಬ ನೋಡಲು ಹೋಗುವವರು ಆಗ ಹೋಗಬಾರದು. ಗಟ್ಟಿಯಾದ ನೀರಿನಲ್ಲಿ ಬೆಟ್ಟ ಹೇಗೆ ಕಾಣುತ್ತದೆ?

ಮೇ, ಜೂನ್‌ನಲ್ಲಿ ಕೇದಾರ, ಬದರಿ ಯಾತ್ರೆಯ ಜನಸಾಗರ. ರಸ್ತೆಯಲ್ಲೇ ಅರ್ಧ ದಿನ ಹೋಗಬಹುದು. ಜುಲೈ, ಆಗಸ್ಟ್ ಬೇಡವೇ ಬೇಡ. ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ, ಕಾಡಿನಲ್ಲಿ ಉಂಬಳ. ಆಗುಂಬೆ, ಕುದುರೆಮುಖ ಸುತ್ತಿದವರಿಗೆ ಉಂಬಳ ದೊಡ್ಡ ವಿಷಯ ಅಲ್ಲ. ಆದರೆ ಅಷ್ಟು ದೂರ ಹೋಗಿ ಮೋಡಕ್ಕೆ ಮುಖ ಕೊಟ್ಟು ಕೂರುವುದು ಯಾಕೆ?

ಒಂದು ತಿಂಗಳ ಮೊದಲು

ಮೂರು ಕಿಲೋಮೀಟರ್ ತಾನೇ ಅಂತ ತಯಾರಿ ಬಿಡಬೇಡಿ. ಬೆಂಗಳೂರಿನ ಪಾರ್ಕಿನಲ್ಲಿ ದಿನಾ ಐದು ಕಿಲೋಮೀಟರ್ ನಡೆಯುವವರೂ ಇಲ್ಲಿ ಇಪ್ಪತ್ತು ನಿಮಿಷಕ್ಕೆ ಏದುಸಿರು ಬಿಡುವುದನ್ನು ನೋಡಿದ್ದೇನೆ. ಪಾರ್ಕು ಸಮತಟ್ಟು. ಇಲ್ಲಿ ಬೇಕಾದದ್ದು ಮೆಟ್ಟಿಲು ಹತ್ತಿದ ಕಾಲು.

ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಅಪಾರ್ಟ್‌ಮೆಂಟಿನವರು ಲಿಫ್ಟ್ ಬಿಟ್ಟರೆ ಸಾಕು. ಕೊನೆಯ ಎರಡು ವಾರ ಬೆನ್ನಿಗೆ ನಾಲ್ಕೈದು ಕೆಜಿ ಚೀಲ ಹಾಕಿಕೊಂಡು ಹತ್ತಿ. ಒಂದು ಭಾನುವಾರ ಚಾಮುಂಡಿ ಬೆಟ್ಟಕ್ಕೋ ಶಿವಗಂಗೆಗೋ ಹೋಗಿ. ಜೊತೆಯವರೊಡನೆ ಮಾತಾಡುತ್ತಲೇ ಹತ್ತುವುದಕ್ಕೆ ಆದರೆ ನೀವು ತಯಾರು. ಮಾತು ನಿಂತು ಬರೀ ಉಸಿರು ಕೇಳಿಸಿದರೆ ಇನ್ನೆರಡು ವಾರ ಬೇಕು.

ಶೂ ಹೊಸದಾಗಿ ಕೊಂಡರೆ ಈಗಲೇ ಹಾಕಿ ಓಡಾಡಿ. ಹೊಸ ಶೂ ಹಾಕಿಕೊಂಡು ಹಿಮಾಲಯಕ್ಕೆ ಹೋಗುವುದು, ಹೊಸ ಚಪ್ಪಲಿ ಹಾಕಿಕೊಂಡು ಮದುವೆ ಮನೆಯಲ್ಲಿ ಬಡಿಸಲು ನಿಂತ ಹಾಗೆ.

ಚೀಲದಲ್ಲಿ ಏನಿರಬೇಕು

ಅಕ್ಟೋಬರ್, ನವೆಂಬರ್ ಲೆಕ್ಕದಲ್ಲಿ ಹೇಳುತ್ತೇನೆ. ಹಗಲು ಬಿಸಿಲಿಗೆ ಒಂದು ಟೀ ಶರ್ಟ್ ಸಾಕಾಗುತ್ತದೆ. ರಾತ್ರಿ ಥರ್ಮಾಮೀಟರ್ ಸೊನ್ನೆಯ ಹತ್ತಿರ ಇಳಿಯುತ್ತದೆ. ಹಾಗಾಗಿ ದಪ್ಪದ್ದು ಒಂದರ ಬದಲು ತೆಳ್ಳಗಿನವು ಮೂರು ನಾಲ್ಕು ಇರಲಿ. ಒಳಗೆ ಬೇಗ ಒಣಗುವ ಬನಿಯನ್ ಅಥವಾ ಥರ್ಮಲ್, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್. ಬೆಳಗ್ಗೆ ದಡದಲ್ಲಿ ಅಲ್ಲಾಡದೆ ಕೂರುವುದಿದೆ. ನಡೆಯುವಾಗಿನ ಚಳಿಯೇ ಬೇರೆ, ಕೂತಾಗಿನ ಚಳಿಯೇ ಬೇರೆ. ಕೈಗವಸು, ಉಣ್ಣೆ ಕಾಲುಚೀಲ, ಮಂಕಿ ಕ್ಯಾಪ್ ಮರೆಯಬೇಡಿ. ಮಂಕಿ ಕ್ಯಾಪ್ ಹಾಕಿದವರನ್ನು ನೋಡಿ ನಗುವವರೇ ಬೆಳಗಿನ ಐದು ಗಂಟೆಗೆ ಅದನ್ನು ಸಾಲ ಕೇಳುತ್ತಾರೆ.

ಒಂದು ಸಣ್ಣ ಗುಟ್ಟು. ಒಂದು ಒಣ ಬನಿಯನ್ನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲದ ಎಲ್ಲಕ್ಕಿಂತ ಮೇಲೆ ಇಡಿ. ಹತ್ತುವಾಗ ಬೆನ್ನು ಬೆವೆತು ಬಟ್ಟೆ ತೊಪ್ಪೆಯಾಗಿರುತ್ತದೆ. ಮೇಲೆ ತಲುಪಿ ಚೀಲ ಇಳಿಸಿದ ತಕ್ಷಣ ಗಾಳಿ ಬೆನ್ನಿಗೆ ಬಡಿಯುತ್ತದೆ. ಎರಡೇ ನಿಮಿಷಕ್ಕೆ ನಡುಕ ಶುರು. ಆಗ ಮೇಲೆ ಜಾಕೆಟ್ ಹಾಕಿಕೊಂಡರೆ ಒಳಗಿನ ಒದ್ದೆ ಅಲ್ಲೇ ಉಳಿಯುತ್ತದೆ. ಚಹಾ ಕೇಳುವ ಮೊದಲು, ಫೋಟೋ ತೆಗೆಯುವ ಮೊದಲು, ಅಂಗಡಿಯ ಮರೆಗೆ ಹೋಗಿ ಒದ್ದೆ ಬಟ್ಟೆ ಬಿಚ್ಚಿ ಒಣ ಬನಿಯನ್ ಹಾಕಿಕೊಳ್ಳಿ. ಮೇಲೆ ಚಳಿಗೆ ನಡುಗದೆ ಇರುವುದಕ್ಕೆ ಇದೊಂದೇ ಕಾರಣ ಆಗಬಹುದು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹಿಡಿತ ಇರುವ ಶೂ, ತಲೆಗೆ ಕಟ್ಟುವ ಟಾರ್ಚ್, ಒಂದೂವರೆ ಲೀಟರ್ ನೀರು, ತೆಳ್ಳಗಿನ ಮಳೆ ಕೋಟು, ನಿಮ್ಮ ಮಾಮೂಲಿ ಮಾತ್ರೆಗಳು, ಬ್ಯಾಂಡೇಜು, ಆಧಾರ್ ಕಾರ್ಡು, ಪವರ್ ಬ್ಯಾಂಕ್. ಚಳಿಗೆ ಫೋನಿನ ಬ್ಯಾಟರಿ ಕಣ್ಣೆದುರೇ ಇಳಿಯುತ್ತದೆ. ರಾತ್ರಿ ಫೋನನ್ನೂ ಪವರ್ ಬ್ಯಾಂಕನ್ನೂ ರಜಾಯಿ ಒಳಗೆ ಇಟ್ಟುಕೊಂಡು ಮಲಗಿ. ತಿನ್ನಲು ಕಡಲೆಕಾಯಿ ಚಿಕ್ಕಿ, ಒಣ ದ್ರಾಕ್ಷಿ. ಚಿಕ್ಕಮ್ಮ ತಂದ ಕೋಡುಬಳೆ ಡಬ್ಬ ಋಷಿಕೇಶ ದಾಟುವ ಮೊದಲೇ ಖಾಲಿಯಾಯಿತು, ಅದು ಬೇರೆ ಮಾತು.

ಸಾರಿ ತನಕ

ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನಿನ ಜಾಲಿ ಗ್ರಾಂಟ್ ನಿಲ್ದಾಣಕ್ಕೆ ಹೋದರೆ ಋಷಿಕೇಶ ಅಲ್ಲಿಂದ ಸುಮಾರು 20 ಕಿಲೋಮೀಟರ್. ದೆಹಲಿಗೆ ಹೋಗಿ ಅಲ್ಲಿಂದ ರೈಲು, ಬಸ್ಸಿನಲ್ಲಿ ಹರಿದ್ವಾರ ಸೇರುವುದು ಇನ್ನೊಂದು ದಾರಿ. ಪುರುಸೊತ್ತು ಇದ್ದವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಇದ್ದೇ ಇದೆ, ದೆಹಲಿಗೆ ಎರಡು ರಾತ್ರಿ.

ಮೊದಲ ರಾತ್ರಿ ಋಷಿಕೇಶದಲ್ಲಿ ಉಳಿಯಿರಿ. ಮರುದಿನ ಬೆಳಗ್ಗೆ ಐದಾರು ಗಂಟೆಗೆ ಹೊರಡಿ. ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಅಗಸ್ತ್ಯಮುನಿ, ಕುಂಡ್, ಉಖೀಮಠ. ಈ ಶ್ರೀನಗರ ಕಾಶ್ಮೀರದ್ದಲ್ಲ, ಗಢವಾಲದ್ದು. ರುದ್ರಪ್ರಯಾಗಕ್ಕೆ ಸುಮಾರು 140 ಕಿಲೋಮೀಟರ್, ಅಲ್ಲಿಂದ ಉಖೀಮಠಕ್ಕೆ ಸುಮಾರು 40. ಲೆಕ್ಕಕ್ಕೆ ಇಷ್ಟೇ ಕಂಡರೂ ಇಡೀ ದಿನ ಬೇಕು. ರುದ್ರಪ್ರಯಾಗದಲ್ಲಿ ಬದರಿಯ ದಾರಿ ಅಲಕನಂದಾ ಜೊತೆ ಹೋಗುತ್ತದೆ. ನಿಮ್ಮ ದಾರಿ ಮಂದಾಕಿನಿ ಜೊತೆ. ಕುಂಡ್‌ನಲ್ಲಿ ಕೇದಾರದ ದಾರಿಯನ್ನೂ ಬಿಟ್ಟು ಉಖೀಮಠದ ಕಡೆ ಹತ್ತಬೇಕು.

ಬಸ್ಸಿನಲ್ಲಿ ಹೋಗುವವರು ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ. ನೇರ ಬಸ್ ಸಿಗದಿದ್ದರೆ ರುದ್ರಪ್ರಯಾಗದ ತನಕ ಬಂದು, ಅಲ್ಲಿಂದ ಶೇರ್ ಜೀಪ್. ಜೀಪು ತುಂಬುವ ತನಕ ಹೊರಡುವುದಿಲ್ಲ, ನಮ್ಮೂರಿನ ಟೆಂಪೋ ಥರಾನೇ. ಮಧ್ಯಾಹ್ನದ ಮೇಲೆ ಜೀಪುಗಳು ಕಡಿಮೆ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಪ್ರಯಾಣ ಇಟ್ಟುಕೊಳ್ಳಲೇಬೇಡಿ. ತಿರುವುಗಳಿಗೆ ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ, ಖಾಲಿ ಹೊಟ್ಟೆಯಲ್ಲಿ ಕೂರಬೇಡಿ, ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲು ನುಂಗಿ.

ನಗದು ದುಡ್ಡು ರುದ್ರಪ್ರಯಾಗದಲ್ಲೇ ತೆಗೆದುಕೊಳ್ಳಿ. ಸಿಗ್ನಲ್ ಇದ್ದರೆ ಫೋನಿನಲ್ಲೇ ಹಣ ಕೊಡಬಹುದು, ಆದರೆ ಸಿಗ್ನಲ್ ನಂಬಿ ಬೆಟ್ಟ ಹತ್ತುವ ಹಾಗಿಲ್ಲ.

ಉಖೀಮಠದಲ್ಲಿ ಒಂದು ಗಂಟೆ ಇಳಿಯಲೇಬೇಕು, ಅದರಲ್ಲೂ ನಮ್ಮ ಕಡೆಯವರು. ಚಳಿಗಾಲದಲ್ಲಿ ಕೇದಾರನಾಥ ಬಾಗಿಲು ಮುಚ್ಚಿದಾಗ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ವೀರಶೈವ ಪಂಚಪೀಠಗಳಲ್ಲಿ ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿಯ ಜೊತೆ ಹೇಳುವ ಕೇದಾರ ಪೀಠ ಇರುವುದೂ ಇಲ್ಲೇ. ಕೇದಾರನಾಥದ ರಾವಲ್, ಅಂದ್ರೆ ಪ್ರಧಾನ ಅರ್ಚಕರ, ಪದವಿಗೆ ವೀರಶೈವ ಜಂಗಮರೇ ಬರುವುದು ಪದ್ಧತಿ. ಕರ್ನಾಟಕದಿಂದ ಹೋಗಿ ಆ ಸ್ಥಾನದಲ್ಲಿ ಕೂತವರು ಬಹಳ ಜನ. ಅಂಗಳದಲ್ಲಿ ಚಿಕ್ಕಮ್ಮ ಸುಮ್ನೆ ಕನ್ನಡದಲ್ಲಿ ಏನೋ ಅಂದರು, ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು "ಯಾವ ಊರವ್ವಾ?" ಅಂತ ತಿರುಗಿ ಕೇಳಿದರು. ಬಾಗಲಕೋಟೆ ಕಡೆಯಿಂದ ಯಾತ್ರೆಗೆ ಬಂದವರಂತೆ. ಆಮೇಲೆ ಅರ್ಧ ಗಂಟೆ ನನಗೆ ಅಲ್ಲಿ ಕೆಲಸ ಇರಲಿಲ್ಲ.

ಉಖೀಮಠದಿಂದ ಚೋಪ್ತಾ ರಸ್ತೆಯಲ್ಲಿ ಮಸ್ತೂರಾ ತನಕ ಹೋಗಿ, ಅಲ್ಲಿ ಎಡಕ್ಕೆ ಸಾರಿ ಊರಿನ ದಾರಿ ಹಿಡಿಯಬೇಕು. ಆ ರಾತ್ರಿ ಸಾರಿಯಲ್ಲೇ ಯಾವುದಾದರೂ ಹೋಮ್‌ಸ್ಟೇಯಲ್ಲಿ ಮಲಗಿ.

ಹತ್ತುವುದು: ಮಧ್ಯಾಹ್ನ ಎರಡಕ್ಕೆ

ಬೆಳಗ್ಗೆ ಬೇಗ ಎದ್ದು ಹತ್ತಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಉಲ್ಟಾ. ಬೆಳಗ್ಗೆ ಏಳಕ್ಕೆ ಸಾರಿ ಬಿಟ್ಟರೆ ಒಂಬತ್ತಕ್ಕೆ ಮೇಲೆ. ಆಗಲೇ ಗಾಳಿ ಎದ್ದು ನೀರು ಅಲುಗುತ್ತಿರುತ್ತದೆ. ಹಿಂದಿನ ದಿನ ಮಧ್ಯಾಹ್ನವೇ ಹತ್ತಿ ಮೇಲೆ ರಾತ್ರಿ ಕಳೆಯುವುದು ಸರಿಯಾದ ದಾರಿ.

ಕೆರೆಯ ದಡದಲ್ಲೇ ಟೆಂಟ್ ಹಾಕುವ ಕಾಲ ಮುಗಿದಿದೆ. 2018ರಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್‌ಗಳಲ್ಲಿ, ಅಂದ್ರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನು ನಿಷೇಧಿಸಿತು. ಸರಿಯಾಗಿಯೇ ಮಾಡಿತು. ಮೊದಲ ಸಲ ಹೋದಾಗ ಹುಲ್ಲಿನ ನಡುವೆ ಬೆಂಕಿ ಹಾಕಿದ ಕಪ್ಪು ವೃತ್ತಗಳನ್ನು ನಾನೇ ಎಣಿಸಿದ್ದೆ, ಒಂಬತ್ತು. ಈಗ ಕೆರೆಗಿಂತ ಸ್ವಲ್ಪ ಕೆಳಗೆ, ದಾರಿಯ ಪಕ್ಕದಲ್ಲಿ, ಊರವರು ಹಾಕಿದ ಟೆಂಟ್‌ಗಳಿವೆ. ಸಾರಿಯಲ್ಲಿ ಉಳಿದ ಮನೆಯವರನ್ನೇ ಕೇಳಿದರೆ ಗೊತ್ತು ಮಾಡಿಕೊಡುತ್ತಾರೆ. "ಕೆರೆಗೆ ಎಷ್ಟು ನಿಮಿಷ ನಡೆಯಬೇಕು? ರಜಾಯಿ ಎಷ್ಟು ಕೊಡುತ್ತೀರಿ? ಬೆಳಗ್ಗೆ ಐದಕ್ಕೆ ಚಹಾ ಸಿಗುತ್ತಾ?" ಈ ಮೂರು ಪ್ರಶ್ನೆ ಮೊದಲೇ ಕೇಳಿ.

ಊರಿನ ಮನೆಗಳ ನಡುವೆ ಮೆಟ್ಟಿಲುಗಳಿಂದ ದಾರಿ ಶುರುವಾಗುತ್ತದೆ. ಮೊದಲ ಹತ್ತು ನಿಮಿಷ ಬೇಕಂತಲೇ ನಿಧಾನ ನಡೆಯಿರಿ. ಎದೆ ಬಡಿತ ಏರಿ ಒಂದು ಹದಕ್ಕೆ ಬರುವುದಕ್ಕೆ ಅಷ್ಟು ಹೊತ್ತು ಬೇಕು. ಶುರುವಿನಲ್ಲೇ ಓಡಿದವರು ಮೊದಲ ತಿರುವಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಅಲ್ಲಿಂದ ಅವರ ಲಯ ಕೆಟ್ಟ ಹಾಗೆಯೇ.

ಚಿಕ್ಕಮ್ಮ ಹತ್ತಿದ ರೀತಿ ನೋಡಿ. ಒಂದು ಕಾಲು ಮೇಲಿಟ್ಟರೆ, ಹಿಂದಿನ ಕಾಲನ್ನು ನೆಟ್ಟಗೆ ಮಾಡಿ, ಪೂರ್ತಿ ಭಾರ ಅದರ ಮೇಲೆ ಬಿಟ್ಟು ಅರೆ ಕ್ಷಣ ನಿಲ್ಲುತ್ತಿದ್ದರು. ಆಮೇಲೆ ಮುಂದಿನ ಹೆಜ್ಜೆ. ಪ್ರತಿ ಹೆಜ್ಜೆಗೂ ತೊಡೆಗೆ ಒಂದು ಚಿಟಿಕೆ ವಿಶ್ರಾಂತಿ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಚಾಮುಂಡಿ ಬೆಟ್ಟದ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿ ಬಂದ ಅಭ್ಯಾಸ. ಪರ್ವತಾರೋಹಿಗಳು ತರಬೇತಿಯಲ್ಲಿ ಕಲಿಯುವುದೂ ಇದನ್ನೇ.

ಇಪ್ಪತ್ತು ಮೂವತ್ತು ನಿಮಿಷಕ್ಕೆ ಓಂಕಾರ ರತ್ನೇಶ್ವರ ಮಹಾದೇವನ ಹಳೆಯ ಕಲ್ಲಿನ ಗುಡಿ ಸಿಗುತ್ತದೆ. ಅಲ್ಲಿ ಕೂತು ಎರಡು ಗುಟುಕು ನೀರು ಕುಡಿಯಿರಿ. ಗಂಟಲು ಒಣಗುವ ತನಕ ಕಾಯಬೇಡಿ. ಅಲ್ಲಿಂದ ಮೇಲೆ ದಾರಿ ತಿರುಗುತ್ತಾ ಏರುತ್ತದೆ. ಹಿಂದೆ ತಿರುಗಿದರೆ ಸಾರಿಯ ಮೆಟ್ಟಿಲು ಗದ್ದೆಗಳು, ಅದರಾಚೆ ತುಂಗನಾಥದ ಬೆಟ್ಟ. ಬೆಂಕಿಪೊಟ್ಟಣಗಳ ಹಾಗೆ ಮನೆಗಳು. ಕೊನೆಗೆ ಮರಗಳು ದಟ್ಟವಾಗುತ್ತವೆ. ಇದು 1972ರಲ್ಲಿ ಘೋಷಣೆಯಾದ ಕೇದಾರನಾಥ ವನ್ಯಧಾಮಕ್ಕೆ ಸೇರಿದ ಕಾಡು. ಅರಣ್ಯ ಇಲಾಖೆಯವರು ಪ್ರವೇಶ ಶುಲ್ಕ ತೆಗೆದುಕೊಂಡು ಚೀಟಿ ಕೊಡುತ್ತಾರೆ. ಆ ಚೀಟಿ ಜೋಪಾನ.

ಸಂಜೆ, ರಾತ್ರಿ

ಸಂಜೆ ಒಮ್ಮೆ ಕೆರೆಗೆ ಹೋಗಿ ಜಾಗ ನೋಡಿಕೊಂಡು ಬನ್ನಿ. ಕತ್ತಲಲ್ಲಿ ಬರುವಾಗ ಕಾಲಿಗೆ ದಾರಿ ಗೊತ್ತಿರಬೇಕು. ಕೆರೆ ಅಂದ್ರೆ ನಮ್ಮ ಸೂಳೆಕೆರೆಯಂಥದ್ದನ್ನು ಕಲ್ಪಿಸಿಕೊಳ್ಳಬೇಡಿ. ಇದು ಚಿಕ್ಕದು, ಸುತ್ತ ಒಂದು ಸುತ್ತು ಹಾಕಲು ಕಾಲು ಗಂಟೆ ಸಾಕು. ಇಷ್ಟೇನಾ ಅಂತ ಚಿಕ್ಕಮ್ಮನಿಗೂ ಅನ್ನಿಸಿತು. "ನಮ್ಮೂರ ಕಟ್ಟೆ ಇದಕ್ಕಿಂತ ದೊಡ್ಡದಿದೆ ಕಣೋ" ಅಂದರು.

ಮೋಡ ಬಿಟ್ಟುಕೊಟ್ಟರೆ ಸಂಜೆಯೇ ಚೌಖಂಬಾ ಕಾಣುತ್ತದೆ. ಪಶ್ಚಿಮದ ಬೆಳಕು ಅದರ ಮೇಲೆ ಬಿದ್ದು ಹಿಮ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಸಂಜೆಯದ್ದು, ಪ್ರತಿಬಿಂಬ ಬೆಳಗಿನದ್ದು. ಎರಡೂ ಒಟ್ಟಿಗೆ ಬೇಕು ಅಂತ ಹಟ ಹಿಡಿಯಬೇಡಿ.

ಈ ಕೆರೆಯ ದಡದಲ್ಲೇ ಯಕ್ಷ ಧರ್ಮರಾಯನನ್ನು ಪ್ರಶ್ನೆ ಕೇಳಿದ್ದು ಅಂತ ಊರವರು ಹೇಳುತ್ತಾರೆ. ತಮ್ಮಂದಿರು ನಾಲ್ವರೂ ನೀರು ಕುಡಿದು ಬಿದ್ದಿರುವಾಗ ಅಣ್ಣ ಒಬ್ಬನೇ ನಿಂತು ಉತ್ತರ ಹೇಳಿದ ಜಾಗ. ದೇವತೆಗಳು ಸ್ನಾನಕ್ಕೆ ಬರುವ ಕೆರೆ ಅನ್ನುವ ಕತೆಯೂ ಇದೆ. ಹಾಗಾಗಿ ಅವರಿಗೆ ಇದು ಪವಿತ್ರ ನೀರು. ಕಾಲು ಇಳಿಬಿಡುವುದು, ತಟ್ಟೆ ತೊಳೆಯುವುದು, ಕಲ್ಲು ಎಸೆದು ಆಡುವುದು ಬೇಡ.

ರಾತ್ರಿ ಒಬ್ಬರೇ ಕಾಡಿನ ಕಡೆ ಹೋಗಬೇಡಿ. ಈ ವನ್ಯಧಾಮದಲ್ಲಿ ಕರಡಿ, ಚಿರತೆ ಇವೆ. ಟೆಂಟಿನೊಳಗೆ ತಿಂಡಿ ಬಿಚ್ಚಿಡಬೇಡಿ. ಎಂಟಕ್ಕೆ ಊಟ, ಒಂಬತ್ತಕ್ಕೆ ನಿದ್ದೆ.

ಆ ಒಂದು ಗಂಟೆ

ಸೂರ್ಯೋದಯದ ಲೆಕ್ಕ ಇಟ್ಟುಕೊಳ್ಳಿ. ಅಕ್ಟೋಬರ್ ನಡುವಿನಲ್ಲಿ ಸುಮಾರು 6:15, ಏಪ್ರಿಲ್ ನಡುವಿನಲ್ಲಿ 5:50, ಡಿಸೆಂಬರ್ ಕೊನೆಯಲ್ಲಿ ಏಳು ದಾಟುತ್ತದೆ. ಇದಕ್ಕಿಂತ ಅರ್ಧ ಗಂಟೆ ಮೊದಲು ನೀವು ದಡದಲ್ಲಿರಬೇಕು. ಯಾಕೆಂದರೆ ಚೌಖಂಬಾದ ಎತ್ತರ 7,138 ಮೀಟರ್. ಕೆರೆಗೆ ಬಿಸಿಲು ಬರುವ ಎಷ್ಟೋ ಮೊದಲೇ ಅದರ ತುದಿಗೆ ಬೆಳಕು ತಾಗಿರುತ್ತದೆ.

ಎಲ್ಲಿ ನಿಲ್ಲಬೇಕು? ಚೌಖಂಬಾ ಕೆರೆಗೆ ಈಶಾನ್ಯದಲ್ಲಿದೆ. ನೀವು ಅದರ ಎದುರಿನ ನೈಋತ್ಯ ದಡದಲ್ಲಿರಬೇಕು. ಫೋನಿನ ದಿಕ್ಸೂಚಿಯಲ್ಲಿ ಸಂಜೆಯೇ ನೋಡಿಟ್ಟುಕೊಳ್ಳಿ. ನಿಂತು ನೋಡುವುದಕ್ಕಿಂತ ನೀರಿನ ಮಟ್ಟಕ್ಕೆ ಕೂತು ನೋಡಿ. ಫೋಟೋ ತೆಗೆಯುವಾಗ ಫೋನನ್ನು ತಲೆಕೆಳಗು ಮಾಡಿ, ಕ್ಯಾಮೆರಾ ನೀರಿಗೆ ಹತ್ತಿರ ಬರುವ ಹಾಗೆ ಹಿಡಿಯಿರಿ. ಪ್ರತಿಬಿಂಬ ಎಷ್ಟು ಉದ್ದ ಆಗುತ್ತದೆ ನೋಡಿ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ಕೂರಲು ಒಂದು ಪ್ಲಾಸ್ಟಿಕ್ ಹಾಳೆ ಇದ್ದರೆ ಪುಣ್ಯ.

ನಾವು ಹೋದ ದಿನ ಮೊದಲು ನೀರು ಮಸಿ ಬಣ್ಣ. ಆಮೇಲೆ ಅದರ ನಡುವೆ ಒಂದು ಬಿಳಿ ಚುಕ್ಕೆ. ಹಣತೆ ತೇಲಿಬಿಟ್ಟ ಹಾಗೆ. ಚುಕ್ಕೆ ಹರಡುತ್ತಾ ಅಗಲವಾಯಿತು. ತಲೆ ಎತ್ತಿದರೆ ಬೆಟ್ಟದ ತುದಿ ಹೊತ್ತಿಕೊಂಡಿತ್ತು. ಒಂದು, ಎರಡು, ಮೂರು, ನಾಲ್ಕು ಶಿಖರ. ಚೌಖಂಬಾ ಅಂದ್ರೆ ನಾಲ್ಕು ಕಂಬ. 1952ರಲ್ಲಿ ಫ್ರೆಂಚ್ ತಂಡವೊಂದು ಮೊದಲು ಹತ್ತಿದ ಬೆಟ್ಟ ಇದು. ಇದರ ಆ ಬದಿಯಲ್ಲಿ ಗಂಗೋತ್ರಿ ಹಿಮನದಿ, ಅದರಿಂದ ಭಾಗೀರಥಿ. ಪೂರ್ವದ ಬದಿಯಲ್ಲಿ ಸತೋಪಂಥ್ ಹಿಮನದಿ, ಅದರಿಂದ ಅಲಕನಂದಾ. ಎರಡು ದಿನದ ಹಿಂದೆ ದೇವಪ್ರಯಾಗದಲ್ಲಿ ಎರಡು ನದಿ ಕೂಡಿ ಗಂಗೆಯಾಗುವುದನ್ನು ಸೇತುವೆ ಮೇಲಿಂದ ನೋಡಿದ್ದೆವಲ್ಲ, ಅವೆರಡೂ ಹೊರಟಿದ್ದು ಈ ಒಂದೇ ಬೆಟ್ಟದ ಎರಡು ಮಗ್ಗುಲಿನಿಂದ. ಇದನ್ನು ಹೇಳಿದಾಗ ಚಿಕ್ಕಮ್ಮ ಮಾತಾಡಲಿಲ್ಲ. ಮಂಕಿ ಕ್ಯಾಪ್ ತೆಗೆದು ಕೈ ಮುಗಿದು, ಚಳಿ ತಡೆಯಲಾರದೆ ತಕ್ಷಣ ಮತ್ತೆ ಹಾಕಿಕೊಂಡರು.

ಏಳೂಕಾಲಿನ ಹೊತ್ತಿಗೆ ನೀರಿನ ಆ ತುದಿಯಲ್ಲಿ ಸಣ್ಣ ನಡುಕ ಕಂಡಿತು. ಬೆಟ್ಟದ ಅಂಚು ಅಲುಗಾಡಿತು. ಎಂಟಕ್ಕೆಲ್ಲ ನೀರಿನಲ್ಲಿ ಬಿಳಿ ಬಣ್ಣ ಬಿಟ್ಟರೆ ಆಕಾರ ಇರಲಿಲ್ಲ. ಇದು ಹೆಚ್ಚುಕಮ್ಮಿ ದಿನದ ಕತೆ. ಬಿಸಿಲು ಇಳಿಜಾರಿಗೆ ಬಿದ್ದು ನೆಲ ಕಾಯುತ್ತದೆ. ಕಾದ ಗಾಳಿ ಕಣಿವೆಯಿಂದ ಮೇಲಕ್ಕೆ ಹತ್ತುತ್ತದೆ. ಮೊದಲು ನೀರನ್ನು ಕಲಕುತ್ತದೆ, ಆಮೇಲೆ ಜೊತೆಗೆ ತಂದ ತೇವ ಮೇಲೆ ತಣಿದು ಮೋಡವಾಗುತ್ತದೆ. ಹತ್ತು ಹನ್ನೊಂದಕ್ಕೆ ನನ್ನ ಮೊದಲ ಪ್ರವಾಸದ ಆ ಬಿಳಿ ಗೋಡೆ ತಯಾರು.

ಮೋಡ ಹಿಂದಿನ ರಾತ್ರಿಯಿಂದಲೇ ಕವಿದಿದ್ದರೆ? ಕಾಯಿರಿ. ಇನ್ನೊಂದು ರಾತ್ರಿಗೆ ಜಾಗ ಇರುವ ಹಾಗೆ ಪ್ರವಾಸದಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿರಬೇಕು. ರಸ್ತೆ ಮುಚ್ಚಿದರೂ ಅದೇ ದಿನ ಉಪಯೋಗಕ್ಕೆ ಬರುತ್ತದೆ.

ಇಳಿಯುವುದು

ಜನ ಬೀಳುವುದು ಇಲ್ಲೇ. ಬೆಳಗಿನ ಇಬ್ಬನಿಗೆ ಹಾಸುಗಲ್ಲು ಜಾರುತ್ತದೆ. ಒಂಬತ್ತರ ನಂತರ, ಕಲ್ಲು ಒಣಗಿದ ಮೇಲೆ ಹೊರಡಿ.

ಹೊರಡುವ ಮೊದಲು ಶೂ ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಗಟ್ಟಿಯಾಗಿ ಒತ್ತಿ, ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ. ಬೆರಳುಗಳ ಕಡೆ ಸ್ವಲ್ಪ ಸಡಿಲ ಇರಲಿ. ಹೀಗೆ ಮಾಡದಿದ್ದರೆ ಪ್ರತಿ ಹೆಜ್ಜೆಗೂ ಪಾದ ಮುಂದೆ ಜಾರಿ ಹೆಬ್ಬೆರಳು ಶೂಗೆ ಗುದ್ದುತ್ತದೆ. ಎರಡು ದಿನಕ್ಕೆ ಉಗುರು ಕಪ್ಪು. ಕಾಲುಗುರು ಊರಲ್ಲೇ ಕತ್ತರಿಸಿಕೊಂಡು ಬಂದಿರಬೇಕಿತ್ತು ಅಂತ ನೆನಪಾಗುವುದೂ ಆಗಲೇ.

ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದಿರಲಿ. ಹಿಂದಕ್ಕೆ ವಾಲಿ ಇಳಿಯಬೇಡಿ, ಹಾಗೆ ಇಳಿದವರೇ ಜಾರುವುದು. ಸಾರಿಯಲ್ಲಿ ಊರುಗೋಲು ಸಿಗುತ್ತದೆ. ಮಂಡಿ ನೋವಿರುವವರು ನಾಚಿಕೆ ಬಿಟ್ಟು ಒಂದು ತೆಗೆದುಕೊಳ್ಳಿ. ಕಸ ಎಲ್ಲ ನಿಮ್ಮ ಚೀಲದಲ್ಲೇ ಕೆಳಗೆ ಬರಬೇಕು. ಬಿಸ್ಕತ್ತು ಕವರಿಗೆ ತೂಕ ಎಷ್ಟು ಮಹಾ?

ಮುಂದೆ ಹೋಗುವವರಿಗೆ ಎರಡು ಮಾತು

ಕೆರೆಯಿಂದ ಕಾಡಿನೊಳಗೇ ರೋಹಿಣಿ ಬುಗ್ಯಾಲ್ ಮೂಲಕ ಚೋಪ್ತಾ ಕಡೆ ಹೋಗುವ ದಾರಿ ಇದೆ. ಅದು ಪೂರ್ತಿ ಒಂದು ದಿನದ ನಡಿಗೆ. ನಡುವೆ ನೀರು ಕಡಿಮೆ, ಕವಲು ದಾರಿಗಳು ಹೆಚ್ಚು. ಊರಿನ ಮಾರ್ಗದರ್ಶಿ ಇಲ್ಲದೆ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಹೋಗಬೇಡಿ.

ಸುಲಭದ್ದು ಬೇಕಾದರೆ ಸಾರಿಗೆ ಇಳಿದು, ಜೀಪಿನಲ್ಲಿ ಚೋಪ್ತಾಗೆ ಹೋಗಿ, ಮರುದಿನ ತುಂಗನಾಥ ದೇವಸ್ಥಾನಕ್ಕೆ ಹತ್ತಿ. ಚೋಪ್ತಾದಿಂದ ಮೂರೂವರೆ ನಾಲ್ಕು ಕಿಲೋಮೀಟರ್ ಕಲ್ಲು ಹಾಸಿದ ದಾರಿ. ಅದರ ಮೇಲಿನ ಚಂದ್ರಶಿಲಾ ಹನ್ನೆರಡು ಸಾವಿರ ಅಡಿ ದಾಟುತ್ತದೆ. ಅಲ್ಲಿ ಎತ್ತರದ ತಲೆನೋವು ನಿಜವಾಗಿಯೂ ಬರಬಹುದು. ಕೆರೆಯಲ್ಲಿ ಕಳೆದ ರಾತ್ರಿ ಆಗ ಉಪಯೋಗಕ್ಕೆ ಬರುತ್ತದೆ. ದೇವಸ್ಥಾನ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಆಗ ತುಂಗನಾಥನ ಉತ್ಸವಮೂರ್ತಿ ಕೆಳಗೆ ಮಕ್ಕೂಮಠದಲ್ಲಿರುತ್ತದೆ.

ಹೊರಡುವ ಮೊದಲು ಸಾರಿಯಲ್ಲಿ ಊಟ ಮಾಡಿ. ರೋಟಿ, ಪನೀರ್ ಅಂತ ಕೇಳಬೇಡಿ. ಮನೆಯವರು ತಾವು ಏನು ತಿನ್ನುತ್ತಾರೋ ಅದನ್ನೇ ಕೊಡಿ ಅನ್ನಿ. ನಮಗೆ ಮನೆಯ ದೀದಿ ಕಪ್ಪಗಿನ ದಪ್ಪ ರೊಟ್ಟಿ, ಬೆಣ್ಣೆ, ಕಂದು ಬಣ್ಣದ ಗಟ್ಟಿ ಸಾರು ಕೊಟ್ಟರು. ಮಂಡುವಾ ರೊಟ್ಟಿ, ಗಹತ್ ದಾಲ್ ಅಂದರು. ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದರು.

"ಲೋ, ಇದು ರಾಗಿ ಕಣೋ! ಇದು ಹುರುಳಿ!"

ಹೌದು, ಗಢವಾಲದ ಮಂಡುವಾ ನಮ್ಮ ರಾಗಿ, ಗಹತ್ ನಮ್ಮ ಹುರುಳಿ. ಚಿಕ್ಕಮ್ಮನಿಗೆ ಹಿಂದಿ ಬರುವುದಿಲ್ಲ, ದೀದಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಒಲೆಯ ಮುಂದೆ ಕೂತರು. ಒಬ್ಬರು ಮುದ್ದೆ ತಿರುವುವ ಕೈ ತೋರಿಸುತ್ತಿದ್ದರು, ಇನ್ನೊಬ್ಬರು ರೊಟ್ಟಿ ತಟ್ಟುವ ಕೈ. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಉಖೀಮಠದ ಕಡೆಗೆ ಮಧ್ಯಾಹ್ನದ ಮೇಲೆ ಜೀಪು ಕಡಿಮೆ ಅಂತ ನಿಮಗೆ ಹೇಳಿದ್ದೆನಲ್ಲ, ಅದನ್ನು ಚಿಕ್ಕಮ್ಮನಿಗೂ ಎರಡು ಸಲ ಹೇಳಿದೆ. "ಐದು ನಿಮಿಷ ಇರೋ" ಅಂದರು. ಆ ಜೀಪು ಹೋಯಿತು. ಮುಂದಿನದು ಬಂದಿದ್ದು ಮೂರು ಗಂಟೆಗೆ.